ಮಸುಕು ಮೀಮಾಂಸೆ: ಸಮಕಾಲೀನ ಕನ್ನಡ ಪೋಸ್ಟರಿನ ಅಪಠನೀಯತೆಯ ಕುರಿತು ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರಾಸ್ತಾವಿಕ

ಡಿಜಿಟಲ್ ಪರಿಸರದಲ್ಲಿ ಕನ್ನಡದ ದೃಶ್ಯಸಂಕಥನವು ತನ್ನ ಅಸ್ಮಿತೆಯನ್ನು ಮರುನಿರ್ವಚಿಸಿಕೊಳ್ಳುತ್ತಿರುವ ಈ ಸಂಕ್ರಮಣ ಕಾಲದಲ್ಲಿ, ಪಠ್ಯ ಮತ್ತು ಪ್ರೇಕ್ಷಕರ ನಡುವಣ ದ್ವಂದ್ವಾತ್ಮಕ ಸಂಬಂಧವನ್ನು ಮಸುಕು ಎಂಬ ಪರಿಕಲ್ಪನೆಯ ಬೆಳಕಿನಲ್ಲಿ, ಅಥವಾ ಬೆಳಕಿನ ಅಭಾವದಲ್ಲಿ, ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಆಶಯ. ಸರಳವಾಗಿ ಹೇಳುವ ಪದ್ಧತಿ ವಿದ್ವತ್ ವಲಯದಲ್ಲಿ ಇಲ್ಲ. ಆದರೂ ಒಮ್ಮೆ ಹೇಳಿಬಿಡುತ್ತೇನೆ: ವಾಟ್ಸಾಪಿನಲ್ಲಿ ಬರುವ ಆಹ್ವಾನ ಪತ್ರಿಕೆಗಳಲ್ಲಿ ಕಾರ್ಯಕ್ರಮ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಓದಲಿಕ್ಕೆ ಆಗುವುದಿಲ್ಲ.

ಅಧ್ಯಯನಕ್ಕೆ ಪ್ರೇರಣೆ ಒಂದು ರಾಷ್ಟ್ರೀಯ ವಿಚಾರ ಸಂಕಿರಣದ ಪೋಸ್ಟರ್. ವಿಷಯ, ತಂತ್ರಜ್ಞಾನ ಯುಗದಲ್ಲಿ ಕನ್ನಡ. ಉದ್ಘಾಟಕರ ಮೀಸೆಯಲ್ಲಿ ಬಿಳಿ ಕೂದಲು ಯಾವುದು, ಬಣ್ಣ ಹಚ್ಚಿದ್ದು ಯಾವುದು ಎಂದು ಹೇಳಬಹುದಾದಷ್ಟು ಸ್ಪಷ್ಟತೆ. ಅಧ್ಯಕ್ಷರ ಶಾಲಿನ ಜರಿಯಂಚೂ ಸ್ಪಷ್ಟ. 'ಸ್ಥಳ' ಎಂದಿರಬಹುದಾದ ಕಡೆ ಮಾತ್ರ ಇರುವೆ ಸಾಲು. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದರೆ ಇರುವೆಗಳು ದಪ್ಪಗಾದವೇ ಹೊರತು ಅಕ್ಷರಗಳಾಗಲಿಲ್ಲ.

ಮುಖ ಉಳಿದು ಮಾಹಿತಿ ಅಳಿಯುವ ಈ ವಿದ್ಯಮಾನವನ್ನು ನಾವು ಇನ್ನು ಮುಂದೆ 'ಮುಖಶೇಷ ನ್ಯಾಯ' ಎಂದು ಕರೆಯತಕ್ಕದ್ದು.

2. ಪೂರ್ವಸೂರಿಗಳು

ಮುಖಶೇಷ ನ್ಯಾಯದ ಗಣಿತಕ್ಕೆ ಬೆಂಗಳೂರಿನ ನಂಟಿದೆ ಎಂಬುದು ನಾಡಹಬ್ಬದ ಭಾಷಣಕಾರರ ಕಣ್ಣಿಗೆ ಇನ್ನೂ ಬಿದ್ದಿಲ್ಲ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಕೆ.ಆರ್. ಸರ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಈಗ ಯುವಿಸಿಇ ಎನ್ನುತ್ತೇವಲ್ಲ ಅಲ್ಲಿ, ಓದಿದವರು. ಆಮೇಲೆ ಅಮೆರಿಕದಲ್ಲಿ ಅಧ್ಯಾಪಕರಾದರು. ಚಿತ್ರವನ್ನು ಅಲೆಗಳಾಗಿ ಬಿಡಿಸಿ ಕುಗ್ಗಿಸುವ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ಉಪಾಯ ಅವರದು. 1972ರಲ್ಲಿ ಅದಕ್ಕೆ ಅನುದಾನ ಕೇಳಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಬರೆದರು, ಸಿಗಲಿಲ್ಲ. ಯೋಚನೆ ತೀರಾ ಸರಳವಾಯಿತು ಎಂದು ಪರಿಶೀಲಕರು ಭಾವಿಸಿದರೆಂದು ಅವರೇ ಮುಂದೆ ಬರೆದಿದ್ದಾರೆ. ಸರಳವಾಗಿರುವುದು ಎಲ್ಲ ದೇಶದ ವಿದ್ವಾಂಸರಿಗೂ ಅಪರಾಧವೇ. 1974ರಲ್ಲಿ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆಗೂಡಿ ಅವರು ಪ್ರಕಟಿಸಿದ ಆ ಪ್ರಬಂಧ ಉದ್ದದಲ್ಲೂ ಅಹಂಕಾರದಲ್ಲೂ ಬಹಳ ಚಿಕ್ಕದು. 1992ರಲ್ಲಿ ಬಂದ ಜೆಪೆಗ್ ಮಾನದಂಡ ನಿಂತಿರುವುದು ಅದರ ಮೇಲೆ.

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ಲುಗಳ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲಿ ಬಣ್ಣ ನಿಧಾನವಾಗಿ ಬದಲಾಗುವ ಭಾಗವನ್ನು ಜತನದಿಂದ ಇಟ್ಟುಕೊಂಡು, ಥಟ್ಟನೆ ಬದಲಾಗುವ ಭಾಗವನ್ನು ಒರಟಾಗಿ ಅಂದಾಜು ಮಾಡಿ ಮುಗಿಸುತ್ತದೆ. ಆಕಾಶ, ಕೆನ್ನೆ, ರೇಷ್ಮೆ ಶಾಲು, ಇವೆಲ್ಲ ನಿಧಾನದ ಪದಾರ್ಥಗಳು. ಅಕ್ಷರ ಹಾಗಲ್ಲ. ಅದರ ಅಂಚಿನಲ್ಲಿ ಕಪ್ಪು ಒಮ್ಮೆಲೇ ಬಿಳಿಯಾಗಬೇಕು. ಅಲ್ಲಿ ಅಂದಾಜು ನಡೆಯುವುದಿಲ್ಲ. ಅಕ್ಷರದ ಸುತ್ತ ಕೊಳೆ ಎದ್ದುಬರುತ್ತದೆ. ಇದು ಗಣಿತದ ತಪ್ಪಲ್ಲ. ಜೆಪೆಗ್ ಎಂಬ ಹೆಸರಿನಲ್ಲೇ ಇರುವುದು ಫೋಟೋ ತಜ್ಞರ ಸಮಿತಿ. ಅವರು ಫೋಟೋಗೆಂದು ಮಾಡಿದ್ದನ್ನು ನಾವು ಆಹ್ವಾನ ಪತ್ರಿಕೆಗೆ ಹಚ್ಚಿದೆವು. ಹೀಗಾಗಿ ಉದ್ಘಾಟಕರು ಉಳಿದರು, ಸ್ಥಳ ಹೋಯಿತು.

3. ವರ್ಗೀಕರಣ

ಮಸುಕು ಐದು ವಿಧ: ಜನ್ಮಜಾತ, ವರ್ಣಜನ್ಯ, ಪರಂಪರಾಗತ, ಆಧಿಭೌತಿಕ, ಸಾಂಸ್ಥಿಕ.

(ಅ) ಜನ್ಮಜಾತ ಮಸುಕು. ಹತ್ತು ಅಡಿ ಅಗಲದ ಫ್ಲೆಕ್ಸಿಗೆಂದು ಕೋರೆಲ್‌ಡ್ರಾದಲ್ಲಿ ಮಾಡಿದ ವಿನ್ಯಾಸವನ್ನೇ ಮೊಬೈಲಿಗೂ ದಯಪಾಲಿಸುವುದರಿಂದ ಉಂಟಾಗತಕ್ಕದ್ದು. 1080 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಫ್ಲೆಕ್ಸಿನ ಪ್ರತಿ ಇಂಚಿಗೆ ಸಿಗುವುದು 9 ಪಿಕ್ಸೆಲ್. ಇಂಗ್ಲಿಷಿನ ದೊಡ್ಡಕ್ಷರ ಒಂಬತ್ತರಲ್ಲಿ ಹೇಗೋ ಸಂಸಾರ ತೂಗಿಸೀತು. ಕನ್ನಡಕ್ಕೆ ಮೇಲೆ ತಲೆಕಟ್ಟು ಬೇಕು, ಗುಡಿಸು ಬೇಕು. ಕೆಳಗೆ ಒತ್ತು, ಒತ್ತಿಗೂ ಒತ್ತು ಬೇಕು. ದಕಾರವನ್ನು ಧಕಾರ ಮಾಡುವ, ಬಕಾರವನ್ನು ಭಕಾರ ಮಾಡುವ ಆ ಪುಟ್ಟ ಸೀಳು ಒಂದೇ ಪಿಕ್ಸೆಲ್ಲಿನ ಆಸ್ತಿ. ಅದು ಹೋದರೆ ಮಹಾಪ್ರಾಣವೇ ಹೋಯಿತು. ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಮೊದಲು ಕುಸಿಯುವುದು 'ರಾಷ್ಟ್ರೀಯ'ವೇ. ಷಕಾರದ ಕೆಳಗೆ ಟಕಾರ, ಅದರ ಪಕ್ಕ ರಕಾರ ನೇತಾಡುವ ಆ ಮಾಳಿಗೆ 9 ಪಿಕ್ಸೆಲ್ಲಿನಲ್ಲಿ ನಿಲ್ಲುವುದಿಲ್ಲ.

(ಆ) ವರ್ಣಜನ್ಯ ಮಸುಕು. ನವೆಂಬರಿನಲ್ಲಿ ಉಲ್ಬಣಿಸುತ್ತದೆ. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ಏರಿಳಿತವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಇದನ್ನು ನಂಬಿ ಜೆಪೆಗ್ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ಲಿಗೆ ಒಂದೇ ಬಣ್ಣದ ಮಾಹಿತಿ ಹಂಚುತ್ತದೆ. ಫೋಟೋದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಹಳದಿಯ ಮೇಲೆ ಸಣ್ಣ ಕೆಂಪು ಅಕ್ಷರ ಬರೆದಿರೋ, ಗೊತ್ತಾಗುತ್ತದೆ. ಕೆಂಪು ಹಳದಿಗೆ ಸೋರಿ, ಅಂಚೆಲ್ಲ ಕಂದು ರಾಡಿ. ನಮ್ಮ ಬಾವುಟದ ಬಣ್ಣಗಳನ್ನೇ ಬಳಸಿ ನಮ್ಮ ಲಿಪಿಯನ್ನು ಕೆಡಿಸುವ ಈ ವಿಧಾನವು ಭಾಷಾಭಿಮಾನದ ಅಧ್ಯಯನಕಾರರ ವಿಶೇಷ ಗಮನಕ್ಕೆ ಅರ್ಹ.

(ಇ) ಪರಂಪರಾಗತ ಮಸುಕು. ಗುರುಮುಖೇನ ಬರುವಂಥದು. ಡಿಸೈನರ್ ಜೆಪೆಗ್ ಮಾಡಿ ವಾಟ್ಸಾಪಿಗೆ ಹಾಕಿದ. ವಾಟ್ಸಾಪು ತಾನೂ ಒಮ್ಮೆ ಹಿಂಡಿತು. ಸಂಘದ ಕಾರ್ಯದರ್ಶಿ ಸ್ಕ್ರೀನ್‌ಶಾಟ್ ತೆಗೆದರು. ಖಜಾಂಚಿ ಅದಕ್ಕೆ 'ಸರ್ವರಿಗೂ ಸ್ವಾಗತ' ಎಂದು ಹೂವಿನ ಚೌಕಟ್ಟು ಹಾಕಿ ಮತ್ತೆ ಸೇವ್ ಮಾಡಿದರು. ವಾರ್ಡಿನ ಮುಖಂಡರ ಹಿಂಬಾಲಕನೊಬ್ಬ ಮೂಲೆಯಲ್ಲಿ ಮುಖಂಡರ ಫೋಟೋ ಸೇರಿಸಿದ. ಪ್ರತಿ ಸೇವ್‌ಗೂ ಮತ್ತೊಂದು ಅಂದಾಜು, ಅಂದಾಜಿನ ಮೇಲೆ ಅಂದಾಜು.

(ಈ) ಆಧಿಭೌತಿಕ ಮಸುಕು. ಇದು ಐದರ ಸಂಖ್ಯೆ ತುಂಬಲೆಂದು ಸೇರಿಸಿದ್ದು. ಇಂಥದೊಂದು ಇಲ್ಲ. ಐದನೆಯದು ಇದೆ, ಅದನ್ನು ವರ್ಗೀಕರಣದಲ್ಲಿಟ್ಟು ನಗುವ ಮನಸ್ಸಾಗುತ್ತಿಲ್ಲ, ಬೇರೆಯಾಗಿಯೇ ಹೇಳುತ್ತೇನೆ.

4. ಪೂರ್ವಪಕ್ಷ

"ನಮ್ ಸಿಸ್ಟಮ್ಮಲ್ಲಿ ಚೆನ್ನಾಗೇ ಕಾಣ್ತಿದೆ ಸಾರ್" ಎಂಬುದು ಡಿಟಿಪಿ ದರ್ಶನದ ಮೊದಲ ಪೂರ್ವಪಕ್ಷ. ಕಾಣುತ್ತದೆ, ನಿಜ. ಡಿಟಿಪಿಯವನ ಮುಂದಿರುವುದು ದೊಡ್ಡ ಮಾನಿಟರು, ಮೂಲ ಫೈಲು. ನೋಡುವವಳು ಬಸ್ಸಿನಲ್ಲಿ ನಿಂತು, ಬಿಸಿಲಿನಲ್ಲಿ, ಅಂಗೈಯಗಲದ ಗಾಜಿನಲ್ಲಿ ನೋಡುತ್ತಾಳೆ.

"300 ಡಿಪಿಐ ಇಟ್ಟಿದೀನಲ್ಲ ಸಾರ್" ಎಂಬುದು ಎರಡನೆಯದು. ಡಿಪಿಐ ಎಂಬುದು ಕಾಗದದ ಮೇಲೆ ಎಷ್ಟು ಒತ್ತಾಗಿ ಅಚ್ಚಾಗಬೇಕು ಎಂದು ಪ್ರೆಸ್ಸಿಗೆ ಬರೆದ ಚೀಟಿ. ಬ್ರೌಸರು ಆ ಚೀಟಿ ಓದುವುದೇ ಇಲ್ಲ. 1080 ಪಿಕ್ಸೆಲ್ ಅಗಲದ ಚಿತ್ರ 72 ಡಿಪಿಐ ಇದ್ದರೂ 300 ಇದ್ದರೂ ಪರದೆಯಲ್ಲಿ ಒಂದೇ. ಪಿಕ್ಸೆಲ್ ಎಷ್ಟಿವೆ ಎಂಬುದಷ್ಟೇ ಲೆಕ್ಕ. ಹಾಗೆಯೇ ಪ್ರೆಸ್ಸಿನ ನಾಲ್ಕು ಶಾಯಿಗೆ ಮಾಡಿದ ಸಿಎಂವೈಕೆ ಫೈಲನ್ನು ಪರದೆಗೆ ಕಳಿಸಿದರೆ ಬಣ್ಣ ಎಲ್ಲಿ ಹೇಗೆ ಕಂಡೀತೋ ಹೇಳಲಾಗದು. ಪರದೆಗೆ ಎಸ್‌ಆರ್‌ಜಿಬಿ ಎಂಬ ಬೇರೆ ಲೆಕ್ಕವಿದೆ.

"ಫೈಲ್ ಸೈಜ್ ಜಾಸ್ತಿ ಆಗತ್ತೆ ಸಾರ್" ಎಂಬುದು ಮೂರನೆಯದು. ಇಲ್ಲ. ಒಂದೇ ಬಣ್ಣದ ಹಿನ್ನೆಲೆಯ ಮೇಲೆ ಬರೀ ಅಕ್ಷರ ಇರುವ ಚಿತ್ರ ಪಿಎನ್‌ಜಿಯಲ್ಲಿ ಎಷ್ಟೋ ಸಲ ಜೆಪೆಗ್‌ಗಿಂತ ಚಿಕ್ಕದಾಗಿರುತ್ತದೆ. ಒಂದು ಪಿಕ್ಸೆಲ್ಲನ್ನೂ ಅದು ಕೆಡಿಸುವುದಿಲ್ಲ. ಸೈಜ್ ಜಾಸ್ತಿ ಮಾಡುವುದು ಹಿನ್ನೆಲೆಗೆ ಹಾಕಿದ ವಿಧಾನಸೌಧ.

5. ಸಾಂಸ್ಥಿಕ ಮಸುಕು

ವಿದ್ಯಾರ್ಥಿವೇತನದ ಪ್ರಕಟಣೆ. ಯಾರೋ ಕಾಗದವನ್ನು ಮೇಜಿನ ಮೇಲಿಟ್ಟು, ಓರೆಯಾಗಿ, ತನ್ನ ನೆರಳೇ ಬೀಳುವಂತೆ ಫೋಟೋ ಹೊಡೆದು ಹಾಕಿದ್ದಾರೆ. ಕೊನೆಯ ದಿನಾಂಕ 13 ಇರಬಹುದು, 18 ಇರಬಹುದು. ಆ ಕಾಗದ ಹುಟ್ಟಿದ್ದು ಕಂಪ್ಯೂಟರಿನಲ್ಲೇ. ಅಕ್ಷರವಾಗಿಯೇ ಇದ್ದದ್ದನ್ನು ಪ್ರಿಂಟು ತೆಗೆದು, ಸೀಲು ಒತ್ತಿ, ಫೋಟೋ ಹಿಡಿದು, ಅಕ್ಷರವಲ್ಲದ್ದನ್ನಾಗಿ ಮಾಡಿ ಜನರಿಗೆ ಕೊಟ್ಟಿದ್ದಾರೆ.

ಅದೇ ವೇತನಕ್ಕೆ ಹುಡುಗಿಯೊಬ್ಬಳು ಅರ್ಜಿ ಹಾಕಲು ಹೋದರೆ ನಿಯಮಗಳು ಶುರು. ಫೋಟೋ 50 ಕೆಬಿ ಮೀರಬಾರದು. ಸಹಿ 20 ಕೆಬಿ ಮೀರಬಾರದು. ಹಿನ್ನೆಲೆ ಬಿಳಿಯಾಗಿರಬೇಕು. ಅಸ್ಪಷ್ಟವಾಗಿದ್ದರೆ ಅರ್ಜಿ ತಿರಸ್ಕರಿಸಲಾಗುವುದು. ಅವಳು ಸೈಬರ್ ಸೆಂಟರಿಗೆ ದುಡ್ಡು ಕೊಟ್ಟು ತನ್ನ ಸಹಿಯನ್ನು ಕುಗ್ಗಿಸಿಕೊಳ್ಳಬೇಕು. ಅವಳ ಅಸ್ಪಷ್ಟತೆಗೆ ಶಿಕ್ಷೆ ಇದೆ. ಕಚೇರಿಯ ಅಸ್ಪಷ್ಟತೆಗೆ ಇರುವುದು ಸೀಲು ಮಾತ್ರ.

ಕಣ್ಣು ಕಾಣದವರ ಮಾತು ಇನ್ನೂ ಬೇರೆ. ಅಕ್ಷರವಾಗಿ ಟೈಪಿಸಿದ ಕನ್ನಡವನ್ನು ಸ್ಕ್ರೀನ್ ರೀಡರ್ ಗಟ್ಟಿಯಾಗಿ ಓದಿ ಹೇಳುತ್ತದೆ. ಚಿತ್ರದೊಳಗೆ ಹುಗಿದದ್ದನ್ನು ಹಾಗೆ ನೇರವಾಗಿ ಓದಲಾರದು. ನಾಳೆ ಅದನ್ನು ಹುಡುಕಿದವರಿಗೂ ಸಿಗುವುದು ಕಷ್ಟ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಇಷ್ಟು ವರ್ಷದ ಮೇಲೂ ನಮ್ಮ ಸುತ್ತೋಲೆ, ಪಟ್ಟಿ, ಎಚ್ಚರಿಕೆ, ಸಂತಾಪ ಎಲ್ಲ ರಾಡಿ ಚಿತ್ರಗಳಾಗಿ ಹರಿದುಹೋಗುತ್ತಿವೆ. ಒಂದು ಭಾಷೆ ಅಂತರ್ಜಾಲದಲ್ಲಿ ಬಡವಾಗುವುದು ಬರೆಯುವವರು ಇಲ್ಲದೆ ಮಾತ್ರವಲ್ಲ, ಬರೆದದ್ದನ್ನು ಹೀಗೆ ಮುಚ್ಚಿಹಾಕುವುದರಿಂದಲೂ ಹೌದು. ಬೇರೆ ಭಾಷೆಯವರು ಬಂದು ಇದನ್ನು ಮಾಡಲಿಲ್ಲ. ಕನ್ನಡ ಉಳಿಸಿ ಎಂದು ಮಸುಕು ಪೋಸ್ಟರ್ ಹಂಚಿದವರು ನಾವೇ.

6. ಉಪಸಂಹಾರ

ಕ್ರಮ ಇಷ್ಟು. ಫೋಟೋಗೆ ಜೆಪೆಗ್, ಅಕ್ಷರಕ್ಕೆ ಪಿಎನ್‌ಜಿ. ಫ್ಲೆಕ್ಸಿನ ವಿನ್ಯಾಸ ಬೇರೆ, ಮೊಬೈಲಿನದು ಬೇರೆ. ಮೊಬೈಲಿನದರಲ್ಲಿ ಮುಖಗಳು ಕಡಿಮೆ, ಅಕ್ಷರ ದೊಡ್ಡದು. ಬಣ್ಣ ಎಸ್‌ಆರ್‌ಜಿಬಿ. ಕಾಣಿಸುವ ಅಳತೆಗೆ ಎರಡು ಪಟ್ಟು ಪಿಕ್ಸೆಲ್ ಕೊಟ್ಟರೆ ಒಳ್ಳೆಯ ಪರದೆಗಳಲ್ಲೂ ಅಂಚು ಹರಿತ. ವಾಟ್ಸಾಪಿಗೆ ಹಾಕುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸುವುದು. ಕೆಳಗೆ ದಿನ, ಹೊತ್ತು, ಸ್ಥಳವನ್ನು ಟೈಪ್ ಮಾಡುವುದು. ಹಂಚುವ ಮೊದಲು ಡಿಸೈನರ್ ಅಲ್ಲದ ಯಾರಾದರೊಬ್ಬರು ತಮ್ಮ ಫೋನಿನಲ್ಲಿ ತೆರೆದು, ಕೊನೆಯ ಸಾಲಿನ ತನಕ ಗಟ್ಟಿಯಾಗಿ ಓದುವುದು.

ಈ ಕ್ಷೇತ್ರದಲ್ಲಿ ಹೆಚ್ಚಿನ ಸಂಶೋಧನೆ ಅಗತ್ಯವಿದೆ ಎಂದು ಮುಗಿಸುವುದು ಪ್ರಬಂಧದ ಸಂಪ್ರದಾಯ. ಇಲ್ಲಿ ಯಾವ ಸಂಶೋಧನೆಯೂ ಅಗತ್ಯವಿಲ್ಲ. ಪಿಎನ್‌ಜಿ 1996ರಿಂದ ಇದೆ, ಪುಕ್ಕಟೆ. ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ಜೆಪೆಗ್‌ನಿಂದ ದೂರವೇನೂ ಇಲ್ಲ. ಉಪಾಯ ತೀರಾ ಸರಳ ಎಂಬ ಕಾರಣಕ್ಕೆ ಇದನ್ನೂ ತಿರಸ್ಕರಿಸುವುದಾದರೆ, ತಿರಸ್ಕಾರದ ಪತ್ರವನ್ನಾದರೂ ದಯವಿಟ್ಟು ಓದಲು ಬರುವ ಹಾಗೆ ಕಳಿಸಿ.