ಇಲ್ಲದ ಎಂಜಿನ್ನಿನ ವೈದ್ಯರು

ಲೋಕದಲ್ಲಿ ಯಂತ್ರವನ್ನು ಓಡಿಸುವುದಕ್ಕಾಗಿ ಕೊಳ್ಳುವವರು ಬಹುಮಂದಿ. ಕೆಟ್ಟರೆ ಆಗ ನೋಡಿಕೊಳ್ಳೋಣವೆಂದು ಕೊಳ್ಳುವವರು ಕೆಲವರು. ಕೆಟ್ಟೇ ಕೆಡುವುದೆಂಬ ಭರವಸೆಯಿಂದ ಕೊಳ್ಳುವ ಮೂರನೆಯ ವರ್ಗವೊಂದೂ ಉಂಟು. ಈ ವರ್ಗದ ಶಿರೋಮಣಿಯೊಬ್ಬರು ನಮ್ಮ ತ್ಯಾವರೆಕೊಪ್ಪದಲ್ಲಿ, ನನ್ನ ಪ್ರಾರಬ್ಧವಶಾತ್ ನಮ್ಮ ಪಕ್ಕದ ಮನೆಯಲ್ಲಿಯೇ, ವಾಸವಾಗಿದ್ದಾರೆ. ಹೆಸರು ಬೇಡ, ರಾಯರು ಎಂದರೆ ಸಾಕು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಯೋಗಕ್ಷೇಮವನ್ನು ನೋಡಿಕೊಂಡು ನಿವೃತ್ತರಾದ ಈ ಮಹನೀಯರಿಗೆ, ಹೊತ್ತು ಹೋಗಲೆಂಬ ಸದುದ್ದೇಶದಿಂದ, ಬೆಂಗಳೂರಿನ ಮಗನು ಒಂದು ಕಂಪ್ಯೂಟರನ್ನೂ, ಜಾಯ್‌ಸ್ಟಿಕ್ಕನ್ನೂ, ಎರಡನೆಯ ಮಹಾಯುದ್ಧದ ವಿಮಾನಗಳನ್ನು ತೆರೆಯ ಮೇಲೆ ಹಾರಿಸುವ ಆಟವೊಂದನ್ನೂ ತಂದುಕೊಟ್ಟನು. ರಾಯರ ಹೊತ್ತು ಹೋಯಿತು. ಅದರ ಜೊತೆಗೆ ನನ್ನದೂ ಹೋಯಿತು.

ನಮ್ಮೂರಿಗೆ ಜನ ಬರುವುದು 1988ರಲ್ಲಿ ಆರಂಭವಾದ ಸಿಂಹಧಾಮವನ್ನು ನೋಡಲಿಕ್ಕೆ. ಸಿಂಹ ಗರ್ಜಿಸಿದರೆ ಪರಸ್ಥಳದವರು ಬೆಚ್ಚುತ್ತಾರೆ. ನಾನು ಬೆಚ್ಚುವುದು, ರಾಯರ ಸ್ಪೀಕರಿನಲ್ಲಿ ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ನು ಗುಡುಗಿ, ಕೆಮ್ಮಿ, ಹಠಾತ್ತಾಗಿ ಸ್ತಬ್ಧವಾದಾಗ. ಏಕೆಂದರೆ ಮರುಕ್ಷಣವೇ ಕಾಂಪೌಂಡಿನ ಆಚೆಯಿಂದ, “ಒಂಚೂರು ಬಂದು ಹೋಗು ಮಾರಾಯ, ಪವರ್ರೇ ಬರ್ತಿಲ್ಲ” ಎಂಬ ಕರೆ ಕೇಳಿಬರುತ್ತದೆ. ಕಿಕ್ಕರಿಗೆ ಒದೆಯುವುದರ ಹೊರತು ಬೇರೆ ಯಂತ್ರವಿದ್ಯೆಯನ್ನರಿಯದ ನನ್ನನ್ನು ಅವರು ಕರೆಯುವುದು ಸಲಹೆಗಲ್ಲ, ಸಾಕ್ಷಿಗೆ.

ರಾಯರು ಶತ್ರುವಿಮಾನವನ್ನು ಕೆಡವಿದ್ದನ್ನು ನಾನು ಕಂಡಿಲ್ಲ. ವೈರಿಯು ಬೆನ್ನ ಹಿಂದೆ ಬಂದು ಗುಂಡಿನ ಮಳೆಗರೆಯುತ್ತಿದ್ದರೂ ಅವರ ದೃಷ್ಟಿಯು ಆಯಿಲ್ ಮೀಟರಿನ ಮುಳ್ಳಿನಿಂದ ಕದಲದು.

ಕಳೆದ ಮಳೆಗಾಲದ ಒಂದು ಸಂಜೆಯ ಕಥೆಯನ್ನು ಹೇಳಿದರೆ ಮಿಕ್ಕ ಸಂಜೆಗಳ ಕಥೆಯನ್ನೂ ಹೇಳಿದಂತಾಯಿತು. ಸ್ಪಿಟ್‌ಫೈರ್ ವಿಮಾನವು ರನ್‌ವೇಯ ತುದಿಯಲ್ಲಿ ನಿಂತಿತ್ತು. ಥ್ರಾಟಲನ್ನು ಪೂರ್ತಿ ನೂಕಿದರೆ ಹದಿನೆಂಟು ಪೌಂಡಿಗೆ ಏರಬೇಕಾದ ಬೂಸ್ಟ್ ಮುಳ್ಳು, ಎಂಟರ ಆಸುಪಾಸಿನಲ್ಲಿ ಏರುತ್ತ ಇಳಿಯುತ್ತ ನಡುಗುತ್ತಿತ್ತು. ರಾಯರ ಮುಖದಲ್ಲಿ ಮೂಡಿದ ಕಳೆಯನ್ನು ಕಂಡವರಾರೂ ಅದನ್ನು ಚಿಂತೆಯೆನ್ನಲಾರರು. ಮೊದಲು ಪೆಟ್ರೋಲ್ ಪರೀಕ್ಷೆಯಾಯಿತು. ಎರಡು ಮ್ಯಾಗ್ನೆಟೋಗಳಲ್ಲಿ ಒಂದೊಂದನ್ನೇ ಆರಿಸಿ, ಸುತ್ತುಗಳು ಎಷ್ಟು ಕುಗ್ಗುವುವೆಂಬುದನ್ನು ಹಳೆಯ ಡೈರಿಯಲ್ಲಿ ಬರೆದುಕೊಂಡದ್ದಾಯಿತು. ಪ್ರೊಪೆಲರಿನ ಲಿವರನ್ನು ಹಿಂದೆ ಮುಂದೆ ಆಡಿಸಿದ್ದೂ ಆಯಿತು. ಅನಂತರ ಉಪನ್ಯಾಸ: ಮೇಲೇರಿದಂತೆಲ್ಲ ಗಾಳಿಯು ವಿರಳವಾಗುವುದೆಂದೂ, ಹದಿನೆಂಟು ಸಾವಿರ ಅಡಿಯಲ್ಲಿ ಅದರ ಒತ್ತಡವು ಸಮುದ್ರಮಟ್ಟದ ಅರ್ಧದಷ್ಟೇ ಉಳಿಯುವುದೆಂದೂ, ಆದಕಾರಣ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಬೇಕೆಂದೂ. ವಿಮಾನವಿನ್ನೂ ನೆಲದ ಮೇಲೆಯೇ ಇದೆಯಲ್ಲ ಎಂದೆ. “ಅದಕ್ಕೇ ಹೇಳಿದ್ದು, ಆ ಕಾರಣ ಅಲ್ಲ ಅಂತ” ಎಂದರು.

ಅಲ್ಲಿಂದ ವಿಷಯವು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳೆಗೆ ಹೊರಳಿತು. ಮೊದಮೊದಲಿನ ಮರ್ಲಿನ್ ಎಂಜಿನ್ನುಗಳು ವಿಮಾನವು ಥಟ್ಟನೆ ಮೂತಿ ಬಾಗಿಸಿದೊಡನೆ ಕಾರ್ಬುರೇಟರಿನ ಏರುಪೇರಿನಿಂದ ಉಸಿರುಗಟ್ಟುತ್ತಿದ್ದುವು. ಜರ್ಮನರ ಎಂಜಿನ್ನುಗಳಿಗೆ ನೇರವಾಗಿ ಪೆಟ್ರೋಲನ್ನು ಚಿಮ್ಮುವ ವ್ಯವಸ್ಥೆಯಿದ್ದುದರಿಂದ ಈ ಬಾಧೆಯಿರಲಿಲ್ಲ. 1941ರಲ್ಲಿ ಈಕೆಯು, ಪೆಟ್ರೋಲಿನ ಹರಿವಿಗೆ ಮಿತಿ ಹಾಕುವ ತೂತಿನ ಬಿಲ್ಲೆಯೊಂದನ್ನು ಕೂಡಿಸಿ, ಆ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿದರು. “ಒಂದು ವಾಷರ್ ಮಾರಾಯ, ಒಂದು ವಾಷರ್!” ಎನ್ನುವಾಗ ರಾಯರ ಕಂಠವು ಗದ್ಗದವಾಯಿತು.

ಅಷ್ಟರಲ್ಲಿ, ರಜೆಗೆ ಬಂದಿದ್ದ ಮೊಮ್ಮಗನು ಕೋಡುಬಳೆ ಕಡಿಯುತ್ತ ಒಳಬಂದು, ತೆರೆಯ ಕಡೆ ನೋಡಿ, “ಅಜ್ಜ, ನನ್ನ ಕಾರ್ ಗೇಮಿನ ಸ್ಟೀರಿಂಗು, ಪೆಡಲ್ಲು ಕಿತ್ತೇ ಇಲ್ಲ, ಅದೂ ಥ್ರಾಟಲ್ ಅಂತಲೇ ಹೇಳ್ತಿರತ್ತೆ” ಎಂದು ವೈರೊಂದನ್ನು ಸೆಳೆದನು. ಮುಳ್ಳು ಹದಿನೆಂಟಕ್ಕೆ ಹಾರಿತು, ಎಂಜಿನ್ನು ಮೊಳಗಿತು. ರಾಯರು ಕನ್ನಡಕವನ್ನು ತೆಗೆದು, ಪಂಚೆಯಂಚಿನಿಂದ ಒರೆಸಿ, ದೀರ್ಘಾಲೋಚನೆಯ ಅನಂತರ ತೀರ್ಪಿತ್ತರು: “ಇದು ವೈರಿನ ದೋಷ. ಎಂಜಿನ್ನಿನ ದೋಷ ಇನ್ನೂ ಸಿಕ್ಕಿಲ್ಲ.”

ಜರ್ಮನಿಯ ಫೋಕೆವುಲ್ಫ್ 190 ರಾಯರಿಗೆ ಹಿಡಿಸದ ವಿಮಾನ. ಒಂದೇ ಲಿವರಿನಿಂದ ಎಂಜಿನ್ನಿನ ಸಕಲ ಹೊಂದಾಣಿಕೆಯನ್ನೂ ತಾನೇ ಮಾಡಿಕೊಳ್ಳುವ ಆ ಯಂತ್ರದಲ್ಲಿ ಅವರಿಗೆ ಕೆಲಸವಿಲ್ಲ. ಆದರೆ ಅದನ್ನು ರೂಪಿಸಿದ ಕುರ್ಟ್ ಟ್ಯಾಂಕರ ಹೆಸರೆತ್ತಿದರೆ ಅವರ ಧ್ವನಿ ಮೆತ್ತಗಾಗುತ್ತದೆ. ಆತನೇ ಮುಂದೆ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಗೆ ಬಂದು ಮಾರುತ್ ವಿಮಾನವನ್ನು ನಿರ್ಮಿಸಿದವನು. 1961ರ ಜೂನಿನಲ್ಲಿ ಮೊದಲು ಹಾರಿದ, 1971ರ ಯುದ್ಧದಲ್ಲಿ ಸೇವೆ ಸಲ್ಲಿಸಿದ ಆ ವಿಮಾನವು, ಶಬ್ದದ ಇಮ್ಮಡಿ ವೇಗಕ್ಕೆಂದು ಸಂಕಲ್ಪಿತವಾಗಿದ್ದರೂ, ತಕ್ಕ ಎಂಜಿನ್ನು ಕಡೆಗೂ ಒದಗದೆ, ದುರ್ಬಲವಾದ ಆರ್ಫಿಯಸ್ ಎಂಜಿನ್ನುಗಳಿಂದಲೇ ಆಯುಷ್ಯವನ್ನು ಸವೆಸಿತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದೆ ನಿಂತಿರುವ ಮಾರುತ್ತನ್ನು ನನಗೆ ತೋರಿಸುತ್ತ, “ಆಳು ಒಳ್ಳೆಯವನೇ, ಉಸಿರು ಸಾಲಲಿಲ್ಲ” ಎಂದಿದ್ದರು ರಾಯರು.

ಮನುಷ್ಯರ ಮುನಿಸಿಗೆ ಕಾರಣವನ್ನು ಕೇಳಹೋದರೆ ಮುನಿಸು ಇಮ್ಮಡಿಸುವುದು; ಎಂಜಿನ್ನಿನಲ್ಲಿ ಈ ಕಪಟವಿಲ್ಲ. ಅದು ಕಾರಣವಿಲ್ಲದೆ ಕೆಡದು, ಕಾರಣ ನೀಗಿದ ಮೇಲೆ ಹಗೆ ಸಾಧಿಸದು. ನಡುರಾತ್ರಿಯಲ್ಲಿಯೂ ಕಾರ್ಖಾನೆಯಿಂದ ಕರೆ ಬರುತ್ತಿದ್ದ ಕಾಲವೊಂದು ರಾಯರಿಗಿತ್ತು. ಅವರು ಹೋಗುವ ತನಕ ಯಂತ್ರವೂ, ಯಂತ್ರದ ಸುತ್ತ ನಿಂತವರೂ ಕಾಯುತ್ತಿದ್ದರು. ಈಗ ಅವರಿಗಾಗಿ ಕಾಯುವುದು ತೆರೆಯ ಮೇಲಿನ, ಕಬ್ಬಿಣದ ಗಂಧವೂ ಇಲ್ಲದ ಎಂಜಿನ್ನೊಂದೇ. ಅದು ಕೆಡದಿದ್ದರೆ ಅವರು ಏನು ಮಾಡಿಯಾರು?

ಮೊನ್ನೆ ಮಗನು ಟಿಕೆಟ್ಟು ತೆಗೆದು, ಸೊಗಾನೆಯಲ್ಲಿ 2023ರಲ್ಲಿ ಉದ್ಘಾಟನೆಯಾದ ಕುವೆಂಪು ವಿಮಾನನಿಲ್ದಾಣದಿಂದ, ಅವಳಿ ಪ್ರೊಪೆಲರಿನ ವಿಮಾನದಲ್ಲಿ, ಅವರನ್ನು ಬೆಂಗಳೂರಿಗೆ ಕರೆಸಿಕೊಂಡನು. ಪ್ರೊಪೆಲರಿನ ಪಕ್ಕದ ಕಿಟಕಿಯನ್ನೇ ಕೇಳಿ ಪಡೆದು, ದಾರಿಯುದ್ದಕ್ಕೂ ಕಿವಿಯನ್ನು ಅತ್ತಲೇ ಕೊಟ್ಟು ಕುಳಿತಿದ್ದರಂತೆ. ಹಿಂದಿರುಗಿದ ಮೇಲೆ, ಪ್ರಯಾಣ ಹೇಗಾಯಿತೆಂದು ವಿಚಾರಿಸಿದೆ.

“ಏನು ಹೇಳೋದು ಮಾರಾಯ,” ಎಂದರು ಬಹಳ ಬೇಸರದಿಂದ, “ಎರಡೂ ಎಂಜಿನ್ನು ಸರಿಯಾಗೇ ಇದ್ವು. ಟಿಕೆಟ್ಟಿನ ದುಡ್ಡು ದಂಡ.”