ಮಿಸ್ಸಿಂಗ್ ಅಲ್ಲ, ಪಿಕಪ್!

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಬೆಳಗಾವಿ ಸೀಮೆಯ ಯಾವ ಊರಿಗೆ ಹೋದರೂ ಒಬ್ಬ ಅಂಬಾಸಿಡರ್ ಕಾಕಾ ಸಿಗುತ್ತಾರೆ. ರಿಟೈರಾದ ಮಾಸ್ತರರಿರಬಹುದು, ಹತ್ತಿ ದಲಾಲಿಯನ್ನು ಮಗನಿಗೆ ಒಪ್ಪಿಸಿ ಕಟ್ಟೆ ಹಿಡಿದವರಿರಬಹುದು. ಮಗನ ಹೊಸ ಕಾರು ಬಿಸಿಲಲ್ಲಿ ಬೇಯುತ್ತಿರುತ್ತದೆ. ಕಾಕಾನ ಅಂಬಾಸಿಡರ್‌ಗೆ ಪತ್ರಾಸಿನ ನೆರಳು, ಮೇಲೊಂದು ಜಮಖಾನೆ.

"ಗಾಡಿ ಕೊಡ್ತೀರೇನ್ರಿ?" ಎಂದು ಕೇಳಿದವನಿಗೆ ಆ ಮನೆಯಲ್ಲಿ ಚಹಾ ಸಿಗುವುದಿಲ್ಲ.

ಕೇಳದವನಿಗೆ ಚಹಾದ ಜೊತೆ ವಂಶಾವಳಿಯೂ ಸಿಗುತ್ತದೆ. ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಬಂಗಾಳದ ಉತ್ತರಪಾರಾದ ಕಾರ್ಖಾನೆ ಅದನ್ನು ತಯಾರಿಸುವುದನ್ನು ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. ಕಾಕಾ ಇದನ್ನು ಹೇಳುವಾಗ ತಮ್ಮ ಮನೆಯಲ್ಲೇ ಸೂತಕ ಇದ್ದವರಂತೆ ಧ್ವನಿ ತಗ್ಗಿಸುತ್ತಾರೆ. ಧ್ವನಿ ಮತ್ತೆ ಏರುವುದು ಎಂಜಿನ್ನಿನ ಮಾತು ಬಂದಾಗ. ಇದೇ 1489 ಸಿಸಿ ಎಂಜಿನ್ 1955ರಲ್ಲಿ ಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಅಲ್ಲಿ ಅದು 68 ಕುದುರೆಶಕ್ತಿ ಕೊಟ್ಟರೆ ಅಂಬಾಸಿಡರ್‌ನಲ್ಲಿ ಕೊಟ್ಟದ್ದು ಸುಮಾರು 50. ಉಳಿದ 18 ಕುದುರೆಗಳನ್ನು ಯಾರೋ ಲಾಯದಿಂದ ಬಿಚ್ಚಿಕೊಂಡು ಹೋದರೆಂಬ ಸಿಟ್ಟು ಕಾಕಾನಿಗೆ ಇಂದಿಗೂ ಆರಿಲ್ಲ.

ಆ ಸಿಟ್ಟಿಗೆ ದಾರಿ ಮಾಡಿಕೊಟ್ಟದ್ದು ಸವೆದ ಕ್ಯಾಮ್‌ಶಾಫ್ಟ್. ಏರಿನಲ್ಲಿ ಗಾಡಿ ದಮ್ಮು ಬಿಡತೊಡಗಿತು. ಮಿಸ್ತ್ರಿ ಎಂಜಿನ್ನಿನ ಮಗ್ಗುಲಿನ ಪತ್ರಾ ಬಿಚ್ಚಿ, ಟ್ಯಾಪೆಟ್ ಹೊರಗೆಳೆದು, ಒಳಗೆ ಬ್ಯಾಟರಿ ಬಿಟ್ಟು ನೋಡಿದ. "ಕಾಕಾ, ಮೂಗು ಸವದೈತ್ರಿ" ಎಂದ. ಕ್ಯಾಮ್ ಎಂಬ ಈ ದಂಡದ ಮೇಲೆ ವಾಲ್ವಿಗೊಂದರಂತೆ ಎಂಟು ಉಬ್ಬುಗಳು. ಎಂಜಿನ್ ಎರಡು ಸುತ್ತು ತಿರುಗಿದರೆ ಇದು ಒಂದು ಸುತ್ತು. ಮೂರು ಸಾವಿರ ಆರ್‌ಪಿಎಂನಲ್ಲಿ ಒಂದೊಂದು ಉಬ್ಬೂ ಸೆಕೆಂಡಿಗೆ 25 ಸಲ ವಾಲ್ವ್ ಎತ್ತಬೇಕು. ಉಬ್ಬಿನ ತುದಿ ಸವೆದರೆ ವಾಲ್ವ್ ಪೂರ್ತಿ ತೆರೆಯುವುದಿಲ್ಲ, ಗಾಳಿ-ಪೆಟ್ರೋಲು ಸಾಲದೆ ಸಿಲಿಂಡರ್ ಅರೆಹೊಟ್ಟೆಯಲ್ಲಿ ದುಡಿಯುತ್ತದೆ.

ಮಂದಿ ಇಂಥಲ್ಲಿ ಮೂಲ ಅಳತೆಯ ಕ್ಯಾಮ್ ಹಾಕಿಸಿ ಸುಮ್ಮನಾಗುತ್ತಾರೆ. ಕಾಕಾ ಮಾತ್ರ ಮೊಮ್ಮಗನ ಮೊಬೈಲಿನಿಂದ "ಅಪ್‌ಗ್ರೇಡ್" ಕಲಿತವರು. ಅವರಿಗೆ ಮೂಲದ್ದಕ್ಕಿಂತ ಜೋರಿನ ಕ್ಯಾಮ್ ಬೇಕು.

ಗಡಿಯಾಚೆ ಸೊಲ್ಲಾಪುರದಲ್ಲಿ 1992ರಲ್ಲಿ ಶುರುವಾದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಕಂಪನಿ ಫೋರ್ಡ್, ಜನರಲ್ ಮೋಟರ್ಸ್‌ನಂಥವರಿಗೆ ಕ್ಯಾಮ್ ಮಾಡಿ ಕಳಿಸಿದೆ. ಲಕ್ಷದ ಲೆಕ್ಕದಲ್ಲಿ ಮಾಡುವವರ ಬಾಗಿಲಿಗೆ ಒಂದೇ ಒಂದು ಕ್ಯಾಮಿಗಾಗಿ ಹೋಗಿ ನಿಲ್ಲುವುದು ಕಾಕಾನಿಗೂ ಸರಿಕಾಣಲಿಲ್ಲ. ಇಂಗ್ಲೆಂಡಿನಲ್ಲಾದರೆ ಇದೇ ಮನೆತನದ ಎಂಜಿನ್ ಹೊತ್ತ ಎಂಜಿಬಿ ಕಾರು 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾಗಿತ್ತು. ಅದರ ಭಕ್ತರಿಗಾಗಿ ಬಿಸಿ, ಅತಿಬಿಸಿ ಕ್ಯಾಮ್‌ಗಳು ಅಲ್ಲಿ ಇಂದಿಗೂ ಸಿಗುತ್ತವೆ. ಅಲ್ಲಿದ್ದ ಅಳಿಯ ರಜೆಗೆ ಬರುವಾಗ ಒಂದನ್ನು ಸ್ವೆಟರಿನಲ್ಲಿ ಸುತ್ತಿ ತಂದ. ಮಗಳ ಬಾಣಂತನಕ್ಕೆಂದು ಹೇಳಿಕಳಿಸಿದ ಸಾಮಾನು ಮಾತ್ರ ಮರೆತು ಬಂದ.

ಬ್ಲಾಕಿನೊಳಗಿನ ಕ್ಯಾಮ್ ಅವಿಭಕ್ತ ಕುಟುಂಬದ ಯಜಮಾನನಿದ್ದಂತೆ. ಡಿಸ್ಟ್ರಿಬ್ಯೂಟರ್, ಆಯಿಲ್ ಪಂಪು, ಪೆಟ್ರೋಲ್ ಪಂಪು ಎಲ್ಲ ಅದರ ಮೇಲೇ ಬದುಕಿವೆ. ಅವನ್ನೆಲ್ಲ ಎಬ್ಬಿಸದೆ ಅದು ಹೊರಗೆ ಬರದು. ರೇಡಿಯೇಟರ್ ಇಳಿಯಿತು, ಟೈಮಿಂಗ್ ಚೈನ್ ಕಳಚಿತು. ಕಾಕಾ ಉಬ್ಬುಗಳ ಮೇಲೆ ಕೂರುವ ಹಳೇ ಟ್ಯಾಪೆಟ್ಟನ್ನೇ ಹಾಕಿ ದುಡ್ಡುಳಿಸಲು ನೋಡಿದಾಗ ಮಿಸ್ತ್ರಿ ಪಾನಾ ಕೆಳಗಿಟ್ಟ. "ಹಳೇವು ಹಾಕಿದ್ರ ಹೊಸಾ ಕ್ಯಾಮ್ ತಿಂದ ಹಾಕ್ತಾವ್ರಿ. ಆಮ್ಯಾಲೆ ನನಗ ಅನಬ್ಯಾಡ್ರಿ." ಹೊಸ ಟ್ಯಾಪೆಟ್ ಬಂದವು. ಗಿಯರ್‌ಗಳ ಚುಕ್ಕಿಗೆ ಚುಕ್ಕಿ ಕೂಡಿಸಿ ಚೈನ್ ಏರಿಸಿದ್ದಾಯಿತು.

ಹೊಸ ಕ್ಯಾಮಿಗೆ ಮೊದಲ ಸ್ಟಾರ್ಟ್ ಆದಕೂಡಲೇ ಸುಮಾರು 20 ನಿಮಿಷ ಎರಡು ಸಾವಿರದ ಮೇಲೇ ರೇಸ್ ಕೊಡಬೇಕು. ನಿಧಾನ ತಿರುಗಿದರೆ ಉಬ್ಬುಗಳ ಮೇಲೆ ಎಣ್ಣೆ ಸಾಕಷ್ಟು ಸಿಡಿಯುವುದಿಲ್ಲ. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಈ ಸಂಸ್ಕಾರ ನಡೆದು ಓಣಿಯೆಲ್ಲ ಹೊರಗೆ ಬಂತು. ಕಾಕಾ ಅದನ್ನು ಗೌರವವೆಂದೇ ತಿಳಿದರು.

ಬಿಸಿ ಕ್ಯಾಮ್ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಹೊಗೆ ಹೋಗುವ ಬಾಗಿಲು ಮುಚ್ಚುವ ಮೊದಲೇ ಗಾಳಿ ಬರುವ ಬಾಗಿಲು ತೆರೆದಿರುತ್ತದೆ. ವೇಗದಲ್ಲಿ ಇದು ವರ. ಕಿತ್ತೂರು ದಾಟಿ ಧಾರವಾಡದ ಹೈವೇಯಲ್ಲಿ ಗಾಡಿ ಎಳೆದ ರೀತಿಗೆ ಮಗನೂ ತಲೆದೂಗಿದ, ಆ ಮಾತು ಒಪ್ಪಲೇಬೇಕು. ನಿಂತಲ್ಲಿ ಮಾತ್ರ ಎಂಜಿನ್ ಗಡಗಡ ನಡುಗುತ್ತದೆ. ಲಕ್ಷಣವಂತ ಸುಧಾರಣೆಯೊಂದು ಥೇಟ್ ರೋಗದಂತೆಯೇ ಕೇಳಿಸುವುದು ಕಾಕಾನ ದುರ್ದೈವ. ಪೇಟೆಯಲ್ಲಿ ನಿಲ್ಲಿಸಿದಲ್ಲೆಲ್ಲ ಒಬ್ಬ ಬಗ್ಗಿ, "ಅಣ್ಣಾರ, ಗಾಡಿ ಮಿಸ್ ಹೊಡ್ಯಾಕತ್ತೈತಿ" ಎನ್ನುತ್ತಾನೆ. "ಮಿಸ್ಸಿಂಗ್ ಅಲ್ಲೋ, ಪಿಕಪ್!"

ಪರೀಕ್ಷೆ ಬಂದದ್ದು ಭಾರತ ಹುಣ್ಣಿಮೆಯ ಜಾತ್ರೆಗೆ. ಯಲ್ಲಮ್ಮನ ಗುಡ್ಡದ ದಾರಿ ತುಂಬ ಚಕ್ಕಡಿ, ಟ್ರ್ಯಾಕ್ಟರು. ಹಿಂದಿನ ಸೀಟಿನಲ್ಲಿ ಕಾಕು, ಯಲ್ಲಮ್ಮನಿಗೆ ಪಡ್ಲಗಿ ತುಂಬುವ ಸಾಮಾನು, ಹೋಳಿಗೆ ಡಬ್ಬಿ. ಇಂಥ ಕ್ಯಾಮಿನ ಪ್ರತಾಪವೆಲ್ಲ ಸಾಮಾನ್ಯವಾಗಿ ಮೂರು ಸಾವಿರ ದಾಟಿದ ಮೇಲೆ. ಇಲ್ಲಿ ಎತ್ತಿನ ಹಿಂದೆ ಒಂದನೇ ಗಿಯರು. ಅಂಬಾಸಿಡರ್ ಮೂರು ಕಡೆ ಆರಿತು. ನಾಲ್ಕನೆಯದಕ್ಕೆ ಕಾಕು ಡಬ್ಬಿ ಹಿಡಿದು ಇಳಿದು ಟ್ರ್ಯಾಕ್ಟರ್ ಏರಿದರು.

ಮರುದಿನ ಮಿಸ್ತ್ರಿ ಮೆತ್ತಗೆ ಹೇಳಿದ: "ನಿಮ್ಮ ಗಾಡಿಗೆ ಓಡೂ ಕ್ಯಾಮ್ ಬ್ಯಾಡ್ರಿ, ಎಳಿಯೂ ಕ್ಯಾಮ್ ಬೇಕು. ಮೂಲದ್ದ ಹಾಕೂಣು."

ಕಾಕಾ ಬಹಳ ಹೊತ್ತು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. "ಹಾಕಪಾ. ಆದ್ರ ನಿಂತಾಗ ಆ ಗಡಗಡ ಮಾತ್ರ ಹಂಗ ಇರಬೇಕ ನೋಡು."

"ಅದಕ್ಯಾಕ ಇಂಗ್ಲೆಂಡಿನ ಕ್ಯಾಮ್ ಬೇಕ್ರಿ ಕಾಕಾ? ಒಂದ ಪ್ಲಗ್ಗಿನ ವೈರ್ ಕಿತ್ತಿಟ್ರ ಆತು."