ರೀಡಿಂಗ್ ಆರ್ಡರ್ ರಾಯರು

ವೈಟ್‌ಫೀಲ್ಡ್ ಕಡೆಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಬ್ಲಾಕಿಗೊಬ್ಬರಂತೆ ಇಂಥ ರಾಯರು ಇದ್ದೇ ಇರುತ್ತಾರೆ. ವಯಸ್ಸು ನಲವತ್ತರ ಆಚೀಚೆ, ಕೆಲಸ ಐಟಿ ಮ್ಯಾನೇಜರಿಕೆ, ಊರು ಹಾಸನವೋ ತುಮಕೂರೋ. ಆಗಾಗ ಒಂದು ಹವ್ಯಾಸ ಅವರ ಮೈಮೇಲೆ ಬರುತ್ತದೆ. ಹಿಂದೆ ಬಂದ ಸೈಕಲ್ಲು ಈಗ ಬಾಲ್ಕನಿಯಲ್ಲಿ ಟವೆಲ್ ಒಣಗಿಸುತ್ತಿದೆ; ಕ್ಯಾಮೆರಾ ಬೀರುವಿನಲ್ಲಿ ಯೋಗನಿದ್ರೆಯಲ್ಲಿದೆ. ಈ ಸಲ ಬಂದಿರುವುದು ಸೂಪರ್‌ಹೀರೊ ಕಾಮಿಕ್ಸ್.

ಕಾರಣ ಆಫೀಸಿನ ಊಟದ ಮೇಜು. ಅವೆಂಜರ್ಸ್ ಸಿನಿಮಾದ ಬಗ್ಗೆ ರಾಯರು ಹುಡುಗರೆದುರು ತಮ್ಮ ಪಾಂಡಿತ್ಯ ಹರಿಸುತ್ತಿದ್ದಾಗ ಮೊನ್ನೆ ಮೊನ್ನೆ ಸೇರಿದ ಹುಡುಗಿಯೊಬ್ಬಳು, "ಸರ್, ಅದು ಸಿನಿಮಾದಲ್ಲಿ. ಕಾಮಿಕ್ಸಲ್ಲಿ ಹಂಗಿಲ್ಲ" ಅಂದುಬಿಟ್ಟಳು. ಬೇರೆ ಯಾರಾದರೂ ಆಗಿದ್ದರೆ ಚರ್ಚ್ ಸ್ಟ್ರೀಟಿಗೆ ಹೋಗಿ ಒಂದು ಕಾಮಿಕ್ಸ್ ಕೊಂಡು ಓದುತ್ತಿದ್ದರು. ರಾಯರು ಎಕ್ಸೆಲ್ ತೆರೆದರು. ಕ್ರಮಸಂಖ್ಯೆ, ಪ್ರಕಟವಾದ ವರ್ಷ, ಡಿಪೆಂಡೆನ್ಸಿ, ಸ್ಟೇಟಸ್ ಎಂದು ಕಾಲಂಗಳಾದವು. ಸ್ಟೇಟಸ್ ಕಾಲಂ ಇವತ್ತಿನವರೆಗೂ 'ನಾಟ್ ಸ್ಟಾರ್ಟೆಡ್' ಅನ್ನುತ್ತಿದೆ. ಅದಕ್ಕೇ ಬ್ಲಾಕಿನವರು ಅವರಿಗೆ ರೀಡಿಂಗ್ ಆರ್ಡರ್ ರಾಯರು ಎಂದು ಹೆಸರಿಟ್ಟದ್ದು.

ಮೊದಲ ಸಾಲು ಸುಸೂತ್ರವಾಗಿ ಬಂತು. ಸೂಪರ್‌ಮ್ಯಾನ್ ಕಾಣಿಸಿಕೊಂಡದ್ದು 1938ರಲ್ಲಿ, 'ಆ್ಯಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಲ್ಲಿ. "ನೋಡಿದ್ಯಾ, ಒಂದರಿಂದ ಶುರು. ಶಿಸ್ತು ಅಂದ್ರೆ ಇದು" ಎಂದು ಹೆಂಡತಿಗೆ ತೋರಿಸಿದರು. ಎರಡನೇ ಸಾಲಿಗೇ ಶಿಸ್ತು ಕೈಕೊಟ್ಟಿತು. ಬ್ಯಾಟ್‌ಮ್ಯಾನ್ ಹುಟ್ಟಿದ್ದು 1939ರಲ್ಲಿ, 'ಡಿಟೆಕ್ಟಿವ್ ಕಾಮಿಕ್ಸ್'ನ 27ನೇ ಸಂಚಿಕೆಯಲ್ಲಿ.

"ಹಾಗಾದ್ರೆ ಹಿಂದಿನ ಇಪ್ಪತ್ತಾರರಲ್ಲಿ ಏನು ಮಾಡ್ತಿದ್ದನಂತೆ, ರೀ?"

"ಅದರಲ್ಲಿ ಅವನಿಲ್ಲ."

"ಮತ್ತೆ ಅದನ್ನ ಯಾಕೆ ಹುಡುಕ್ತಿದೀರಿ?"

ಈ ಪ್ರಶ್ನೆಗೆ ರಾಯರ ಹತ್ತಿರ ಕಾಲಂ ಇರಲಿಲ್ಲ. ಮುಂದಿನ ಸಾಲುಗಳು ಇನ್ನೂ ಕೆಟ್ಟವು. ಸ್ಪೈಡರ್‌ಮ್ಯಾನ್ 1962ರಲ್ಲಿ ಬಂದದ್ದು 'ಅಮೇಜಿಂಗ್ ಫ್ಯಾಂಟಸಿ'ಯ 15ನೇ ಸಂಚಿಕೆಯಲ್ಲಿ, ಅದೂ ಆ ಪತ್ರಿಕೆ ಬಾಗಿಲು ಹಾಕಿದ ಕೊನೆಯ ಸಂಚಿಕೆ. ಐರನ್‌ಮ್ಯಾನ್ 1963ರಲ್ಲಿ ಬಂದದ್ದು 'ಟೇಲ್ಸ್ ಆಫ್ ಸಸ್ಪೆನ್ಸ್'ನ 39ರಲ್ಲಿ. ನಮ್ಮವರಾದರೂ ನೆಟ್ಟಗಿರಬಹುದೆಂದು ಅಮರ ಚಿತ್ರಕಥೆಯ ಕಡೆ ತಿರುಗಿದರೆ, ಕಾರ್ಕಳದ ಅನಂತ ಪೈಗಳು ತಂದ 'ಕೃಷ್ಣ'ನ ಸಂಖ್ಯೆ 11. ಮೊದಲ ಹತ್ತು ನಂಬರನ್ನು ವಿದೇಶಿ ಕಥೆಗಳು ನುಂಗಿದ್ದವು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಸಿಕ್ಕಿತು. ಬಗೆಬಗೆಯ ಭೂಮಿಗಳು, ಅವುಗಳಿಗೊಬ್ಬೊಬ್ಬ ಸೂಪರ್‌ಮ್ಯಾನ್ ಎಂದು ಕಥೆ ಕಲಸುಮೇಲೋಗರವಾದಾಗ ಡಿಸಿ ಕಂಪನಿಯವರು 1985-86ರಲ್ಲಿ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್' ತಂದು ಎಲ್ಲ ಲೋಕಗಳನ್ನೂ ಒಂದು ಮಾಡಿದರಂತೆ. ಆ ಶುದ್ಧೀಕರಣದಿಂದ ಹೊಸ ಗೊಂದಲಗಳು ಹುಟ್ಟಿ, 2011ರಲ್ಲಿ 52 ಪತ್ರಿಕೆಗಳನ್ನು ಮತ್ತೆ ಒಂದನೇ ನಂಬರಿನಿಂದ ಶುರು ಮಾಡಿದರಂತೆ. ರಾಯರ ಕಣ್ಣಲ್ಲಿ ನೀರಾಡಿತು. "ಇದು ನಮ್ಮ ಮೈಗ್ರೇಷನ್ ಪ್ರಾಜೆಕ್ಟೇ ಕಣೇ!" ಕಾಮಿಕ್ಸ್ ಅವರ ಹೃದಯ ತಟ್ಟಿದ್ದು ಆ ಗಳಿಗೆಯಲ್ಲಿ ಮಾತ್ರ.

ಭಾನುವಾರ ಊಟಕ್ಕೆ ಪೀಣ್ಯದಿಂದ ಭಾಮೈದ ಬಂದ. ಎರಡನೇ ಹಂತದಲ್ಲಿ ಅವನದೊಂದು ಸಣ್ಣ ಮಶೀನ್ ಶಾಪು. ಸೋಫಾದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಪೂಜೆಗಿಟ್ಟಂತಿದ್ದ ಐರನ್‌ಮ್ಯಾನ್ ಸಂಪುಟವೊಂದನ್ನು ಎಳೆದು, ಮಧ್ಯದಲ್ಲಿ ತೆರೆದು, ಕಾಲು ಚಾಚಿ ಓದತೊಡಗಿದ.

"ಅಯ್ಯೋ, ಅದು ಮೂರನೇ ವಾಲ್ಯೂಮ್ ಕಣೋ! ಹಿನ್ನೆಲೆ ಗೊತ್ತಿಲ್ಲದೆ ಅರ್ಥ ಆಗಲ್ಲ."

"ಆಗ್ತಿದೆಯಲ್ಲ ಭಾವ. ಇವನು ಒಳ್ಳೆಯವನು, ಅವನು ಕೆಟ್ಟವನು, ಇಬ್ಬರಿಗೂ ಹಳೇ ಜಗಳ. ಒಂದೇ ಡೌಟು, ಗುಹೇಲಿ ಕೂತು ಇಂಥ ಸೂಟ್ ಮಾಡಿದ್ನಲ್ಲ, ಜಾಬ್ ವರ್ಕ್ ಯಾರಿಗೆ ಕೊಟ್ಟ?"

ಹೋಳಿಗೆ ಬರುವಷ್ಟರಲ್ಲಿ ಅವನು ಅರ್ಧ ಪುಸ್ತಕ ಮುಗಿಸಿದ್ದ. ರಾಯರು ಡಿಪೆಂಡೆನ್ಸಿ ಕಾಲಮ್ಮಿಗೆ ಇನ್ನೆರಡು ಸಾಲು ಸೇರಿಸಿದ್ದರು.

ರಾಯರ ತಾಯಿಯದು ಬೇರೆಯೇ ತಕರಾರು. ಬ್ಯಾಟ್‌ಮ್ಯಾನ್ ಹಗಲು ಹೊತ್ತು ಕೋಟ್ಯಧಿಪತಿಯಂತೆ ಎಂದು ಮೊಮ್ಮಗಳಿಂದ ತಿಳಿದ ಆಕೆ, "ಅಷ್ಟು ದುಡ್ಡಿರೋನು ರಾತ್ರಿ ಯಾಕೋ ಸೂರು ಹತ್ತಬೇಕು? ಊರಿಗೊಂದು ನೆಟ್ಟಗಿನ ಮೋರಿ ಹಾಕಿಸಿದ್ರೆ ಆಗ್ತಿರಲಿಲ್ವಾ?" ಎಂದರು. ಟ್ಯಾಂಕರ್ ನೀರಲ್ಲಿ ಬದುಕುವ ಬಡಾವಣೆಯಲ್ಲಿ ಇದಕ್ಕೆ ಎದುರು ಹೇಳುವವರು ಯಾರು?

ಬೆಂಗಳೂರಿಗೆ ಕಾಮಿಕ್ ಕಾನ್ ಬಂದದ್ದು 2012ರಲ್ಲಿ. ಆಮೇಲೆ ಅದು ವೈಟ್‌ಫೀಲ್ಡಿನ ಕೆಟಿಪಿಒ ಸಭಾಂಗಣಕ್ಕೇ ಬಂದು ನೆಲೆಸಿತು. ಗಂಗೆ ಮನೆ ಬಾಗಿಲಿಗೆ ಬಂದಮೇಲೆ ಮೀಯದಿರಲಾದೀತೇ ಎಂದು ರಾಯರು ಹೊರಟರು. ನೇರಳೆ ಮಾರ್ಗದ ಮೆಟ್ರೊದಲ್ಲಿ ಇಬ್ಬರು ಸ್ಪೈಡರ್‌ಮ್ಯಾನ್‌ಗಳು ಹಿಡಿಕೆ ಹಿಡಿದು ನಿಂತಿದ್ದರು. ಗೇಟಿನಲ್ಲಿ ಸೆಕ್ಯುರಿಟಿಯವನು ಥಾರ್‌ನ ಸುತ್ತಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ವಾಪಸು ಕೊಟ್ಟ. ರಾಯರು ಮಳಿಗೆಯೊಂದರ ಹುಡುಗನ ಮುಂದೆ ಮೊಬೈಲಿನಲ್ಲಿ ಎಕ್ಸೆಲ್ ಹಿಡಿದು, "ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದರು. "ಯಾವ ಚಿತ್ರ ಇಷ್ಟ ಆಯ್ತೋ ಅಲ್ಲಿಂದ, ಅಂಕಲ್." ಉತ್ತರ ಬೇಜವಾಬ್ದಾರಿಯದೆಂದು ಅನ್ನಿಸಿತು, ಅಂಕಲ್ ಅಂದದ್ದು ಇನ್ನೂ ನೆಟ್ಟಿದೆ.

ಕೊನೆಗೆ 'ವಾಚ್‌ಮೆನ್' ಕೊಂಡರು. ಅಲನ್ ಮೂರ್ ಬರೆದು ಡೇವ್ ಗಿಬನ್ಸ್ ಚಿತ್ರಿಸಿದ, 1986-87ರ ಕೃತಿ. ಹನ್ನೆರಡೇ ಸಂಚಿಕೆ, ಆದಿ ಅಂತ್ಯ ಎರಡೂ ಇರುವ ಕಥೆ. ತಿಂಗಳಿಗೊಂದರಂತೆ ಪ್ಲಾನ್ ಕೂಡ ಆಯಿತು. ಅಷ್ಟರಲ್ಲಿ ಯಾರೋ, ಅದು ಹಳೆಯ ಸೂಪರ್‌ಹೀರೊಗಳನ್ನೇ ಪ್ರಶ್ನಿಸುವ ಪುಸ್ತಕ, ಅವರನ್ನು ಬಲ್ಲವರಿಗೆ ರುಚಿ ಹೆಚ್ಚು ಅಂದರು. ರಾಯರು 1938ಕ್ಕೆ ವಾಪಸಾದರು.

ತಮಾಷೆಯೆಂದರೆ ಈ ವಿದ್ಯೆ ರಾಯರಿಗೆ ಹೊಸದೇ ಅಲ್ಲ. ಊರಿನಲ್ಲಿ ಅವರು 'ಬಾಲಮಂಗಳ' ಓದಿ ಬೆಳೆದವರು. ಅದರ ಡಿಂಗ ಇಲಿ. ಇಲಿಯಾದರೂ ಅಪ್ಪಟ ಸೂಪರ್‌ಹೀರೊ. ಕ್ಷೌರದಂಗಡಿಯ ಬೆಂಚಿನ ಮೇಲೆ ಸಿಕ್ಕ, ಮುಖಪುಟ ಹರಿದ ಸಂಚಿಕೆಯೇ ಅವರ ಮೊದಲ ಸಂಚಿಕೆ. ಡಿಂಗನ ಪೂರ್ವಕಥೆ ಗೊತ್ತಿಲ್ಲವೆಂದು ಆಗ ಅವರೇನೂ ನಿದ್ದೆಗೆಟ್ಟಿರಲಿಲ್ಲ. ಅವರ ಅಣ್ಣಂದಿರು 1964ರಿಂದ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ಮನ್ನು ಕೈಗೆ ಸಿಕ್ಕ ಕಡೆಯಿಂದಲೇ ಓದಿದ್ದರು.

ಇನ್ನು ಬೇರೆ ಬೇರೆ ಲೋಕಗಳ ಬೇರೆ ಬೇರೆ ನಾಯಕರ ಗೊಂದಲವೇ? ಹತ್ತನೇ ಶತಮಾನದಲ್ಲಿ ಪಂಪ, ದ್ರೌಪದಿಗೆ ಅರ್ಜುನನೊಬ್ಬನೇ ಗಂಡನೆಂದು ಭಾರತವನ್ನೇ ತಿದ್ದಿದ. ಕುಮಾರವ್ಯಾಸ ಅದನ್ನು ಕೃಷ್ಣಕಥೆ ಮಾಡಿದ. ಭೈರಪ್ಪನವರು 'ಪರ್ವ'ದಲ್ಲಿ ದೇವರನ್ನೇ ಪಕ್ಕಕ್ಕಿಟ್ಟರು. ಕನ್ನಡಿಗ ಮೂವರನ್ನೂ ಒಪ್ಪಿಕೊಂಡ. ಬಕಾಸುರನ ಗಾಡಿಯಿಂದಲೋ ಅಭಿಮನ್ಯುವಿನ ಚಕ್ರವ್ಯೂಹದಿಂದಲೋ ಶುರು ಮಾಡಿದ ಅಜ್ಜಿಯರನ್ನು ಯಾವ ಮಗುವೂ ರೀಡಿಂಗ್ ಆರ್ಡರ್ ಕೇಳಲಿಲ್ಲ.

ರಾಯರ ಕಷ್ಟ ಕಾಮಿಕ್ಸಿನದಲ್ಲ, ಅಪ್ರೈಸಲ್ಲಿನದು. ಅರ್ಧ ಗೊತ್ತಿದ್ದು ಸಂತೋಷಪಡುವುದನ್ನು ಇಪ್ಪತ್ತು ವರ್ಷದ ನೌಕರಿ ಅವರಿಂದ ಕಿತ್ತುಕೊಂಡಿದೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಫ್ರಾಂಕ್ ಮಿಲ್ಲರ್, ಡೇವಿಡ್ ಮಜುಕೆಲ್ಲಿ ಜೋಡಿಯ 'ಬ್ಯಾಟ್‌ಮ್ಯಾನ್: ಇಯರ್ ಒನ್' ಕೈಗಿಡಿ. 1987ರದು, ನಾಲ್ಕೇ ಸಂಚಿಕೆಯ ಕಥೆ, ಹಿಂದಿನದೇನೂ ಗೊತ್ತಿರಬೇಕಿಲ್ಲ. ಅದು ಮೂಲದಲ್ಲಿ 'ಬ್ಯಾಟ್‌ಮ್ಯಾನ್' ಪತ್ರಿಕೆಯ 404ರಿಂದ 407ನೇ ಸಂಚಿಕೆಗಳಲ್ಲಿ ಬಂತು ಎಂಬುದನ್ನು ಮಾತ್ರ ದಯವಿಟ್ಟು ಹೇಳಬೇಡಿ.